ಕಾಲುವೆ ಕಡೆಯ ಮೂವರು

ಸಂಜೆ ಆರೂವರೆಗೆ ಓಡಿಲೋನ್ ಎದ್ದು ಹಿತ್ತಲ ಬಾಗಿಲು ಮುಚ್ಚಿದ. ಯಾರೂ ಬಂದಿರಲಿಲ್ಲ.

ಕೊಲೆಟಾ ಮಜ್ಜಿಗೆ ಗಂಜಿಗೆ ಸೌಟು ಹಾಕಿದವಳು ಹಾಗೆಯೇ ನಿಂತಳು. ಇಪ್ಪತ್ತು ವರ್ಷಗಳಿಗೂ ಮೇಲಾಗಿ, ಊಟದ ಹೊತ್ತಿಗೆ ಆ ಬಾಗಿಲು ಒಂದು ಗೇಣು ತೆರೆದಿರುತ್ತಿತ್ತು. ಓಡಿಲೋನ್ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಕಿವಿಗೊಟ್ಟಿರುತ್ತಿದ್ದ. ಕಾಲುವೆಯ ಕಡೆಯಿಂದ ಮೂವರು ಬರಬೇಕಿತ್ತು. ಇಬ್ಬರು ಹೆಂಗಸರು, ಕೆಮ್ಮುವ ಒಬ್ಬ ಗಂಡಸು. ಅವರು ಒಳಗೆ ಬಂದ ಮೇಲೆ ಅವನು "ಬಂದ್ರು" ಅನ್ನುತ್ತಿದ್ದ. ಆಗ ಕೊಲೆಟಾ ಬಾಗಿಲು ಹಾಕಿ ಬಡಿಸಲು ಶುರು ಮಾಡುತ್ತಿದ್ದಳು. ಅವರನ್ನು ಹೊರಗೇ ಬಿಟ್ಟರೆ ರಾತ್ರಿಯಿಡೀ ಅವನ ಕಿವಿಯಲ್ಲಿ ದೂರುತ್ತಿದ್ದರು, ಅವನು ಮಹಡಿಯ ಮೇಲೆ ಬೆಳಗಾಗುವ ತನಕ ತಿರುಗುತ್ತಿದ್ದ. ಇದು ಅವನು ಬಂದ ಮೊದಲ ವಾರದಲ್ಲೇ ಮನೆಯವರಿಗೆ ತಿಳಿದಿತ್ತು. ಒಂದು ಗೇಣು ಬಾಗಿಲಿನಿಂದ ಎಲ್ಲರ ನಿದ್ದೆ ಉಳಿಯುವುದಾದರೆ ಉಳಿಯಲಿ ಎಂದು ಕೊಲೆಟಾ ಆಗಲೇ ತೀರ್ಮಾನಿಸಿದ್ದಳು.

ಅವಳ ಗಂಡ ಸೂಸ್ ಮುಚ್ಚಿದ ಬಾಗಿಲನ್ನೂ ಓಡಿಲೋನ್‌ನನ್ನೂ ನೋಡಿದ.

"ಚಳಿ ಜಾಸ್ತಿ ಆಯ್ತೇನಯ್ಯ?" ಅಂದ.

"ಹ್ಞೂಂ. ಚಳಿ," ಎಂದು ಓಡಿಲೋನ್ ಚಮಚ ಎತ್ತಿಕೊಂಡ.

ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ. ಮನಸ್ಸಿನ ಕಾಯಿಲೆಯವರನ್ನು ಮನೆಮಂದಿಯ ನಡುವೆ ಬೋರ್ಡರುಗಳಾಗಿ ಇಟ್ಟುಕೊಳ್ಳುವ ಊರು ಗೇಲ್, ಅಲ್ಲಿ ಕೇಳುವುದಿಲ್ಲ. ಆಸ್ಪತ್ರೆಯವರು ಒಬ್ಬ ಬೋರ್ಡರನ್ನು ಮನೆಗೆ ತಂದು ಬಿಡುವಾಗ ಅವನಿಗೆ ಹಂದಿ ಮಾಂಸ ಆಗುತ್ತದೆಯೇ, ಕುದುರೆ ಕಂಡರೆ ಹೆದರುತ್ತಾನೆಯೇ ಎಂದು ಹೇಳುತ್ತಾರೆ; ಕಾಯಿಲೆಯ ಹೆಸರು ಹೇಳುವುದಿಲ್ಲ. ಮನೆಯವರೂ ಕೇಳುವುದಿಲ್ಲ. ಬೋರ್ಡರನ್ನೇ ಕೂರಿಸಿಕೊಂಡು "ನಿನ್ನ ತಲೆಯೊಳಗೆ ಏನಾಗುತ್ತಿದೆ" ಎಂದು ಕೇಳುವುದಂತೂ ಅವನ ಪೆಟ್ಟಿಗೆ ತೆರೆದು ಬಟ್ಟೆ ಜಾಲಾಡಿದ ಹಾಗೆ. ಗೇಲ್‌ನ ಹೊರವಲಯದ ಲಾರುಮ್ ಎಂಬ ಅವರ ಹಳ್ಳಿಯಲ್ಲಿ ಮನೆ ಬಿಟ್ಟು ಮನೆಗೆ ಒಬ್ಬ ಬೋರ್ಡರ್ ಇದ್ದ. ಒಬ್ಬ ತನ್ನನ್ನು ಬಿಷಪ್ ಎಂದುಕೊಂಡಿದ್ದ, ಊರಿನವರು ಅವನಿಗೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಅದು 1957ರ ಅಕ್ಟೋಬರ್. ಆಲೂಗಡ್ಡೆ ಕಿತ್ತು ಮುಗಿಯುವ ಹೊತ್ತಿಗೆ ಹೊಸ ಮಾತ್ರೆ ಬಂದಿತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು. ಆರೋಗ್ಯ ನೋಡಿಕೊಳ್ಳುವ ನರ್ಸ್ ಗೊಮ್ಮಾರ್ ಸೈಕಲ್ ಮೇಲೆ ಬಂದು ಶೀಶೆ ಕೊಟ್ಟು, ಬಿಸಿಲಿಗೆ ಜಾಸ್ತಿ ನಿಲ್ಲಿಸಬೇಡಿ, ಬಾಯಿ ಒಣಗುತ್ತೆ, ನೀರು ಕೊಡಿ ಎಂದು ಹೇಳಿ ಹೋಗಿದ್ದ. ಬಾಯಿ ಒಣಗಿದ್ದು ನಿಜ. ಕೈ ನಡುಗುತ್ತದೆ ಎಂದು ಅವನು ಹೇಳಿರಲಿಲ್ಲ. ಶನಿವಾರ ಶನಿವಾರ ಸೂಸ್‌ನ ಗಡ್ಡ ಹೆರೆಯುವುದು ಓಡಿಲೋನ್‌ನ ಕೆಲಸವಾಗಿತ್ತು. ತನ್ನ ಊರು ಆಲ್ಸ್ಟ್‌ನ ನೂಲಿನ ಗಿರಣಿಯಲ್ಲಿ ದುಡಿದ ಬೆರಳುಗಳು ಅವನವು, ಹಗುರ. ಮಾತ್ರೆ ಶುರುವಾದ ಮೇಲೆ ಒಂದು ಶನಿವಾರ ಸೂಸ್‌ನ ಗಲ್ಲದಿಂದ ರಕ್ತ ಬಂತು. ಸೂಸ್ "ಏನಿಲ್ಲ, ಸೊಳ್ಳೆ ಕಚ್ಚಿದ್ದು" ಅಂದ. ಓಡಿಲೋನ್ ಕತ್ತಿ ತೊಳೆದು, ಒರೆಸಿ, ಮಡಚಿ ಇಟ್ಟ. ಮತ್ತೆ ಅದನ್ನು ಮುಟ್ಟಲಿಲ್ಲ.

ಬಾಗಿಲು ಮುಚ್ಚಿದ ಆ ಸಂಜೆ ಅವನು ಬೇಗ ಮಲಗಲು ಹೋದ. ಉಳಿದವರು ಒಲೆಯ ಸುತ್ತ ಕೂತರು.

"ಎಲ್ಲಿಗೆ ಹೋದ್ರು ಅವ್ರು?" ಎಂದು ಲೂಡೊವಿಕಾ ಅಜ್ಜಿ ಕೇಳಿದಳು. ಸೂಸ್‌ನ ತಾಯಿ ಅವಳು, ಎಂಬತ್ತು ದಾಟಿದ್ದಳು.

"ಯಾರವ್ವಾ?"

"ಆ ಮೂವರು. ಹೋದ್ರೆ ಎಲ್ಲಿಗಾದ್ರೂ ಹೋಗಬೇಕಲ್ಲ. ನಮ್ಮಮ್ಮನ ಕಾಲದಲ್ಲಿ ಇಂಥೋರನ್ನ ಸಂತ ಡಿಂಪ್ನಾ ತಾಯಿ ಗುಡಿ ಪಕ್ಕದ ಕೋಣೇಲಿ ಒಂಬತ್ತು ದಿನ ಇಡೋರು. ಆ ತಾಯಿ ಸಮಾಧಿ ಕೆಳಗೆ ತೆವಳಿಸೋರು. ಬಂದಿದ್ದು ಬಿಟ್ಟು ಹೋಗೋವಾಗ ಜನ ಕಿಟಕಿ ತೆಗೆದಿಡೋರು, ದಾರಿ ಬೇಕು ಅಂತ. ಮಾತ್ರೆ ನುಂಗಿಸಿದ್ರೆ ಅದು ಯಾವ ಕಡೆಯಿಂದ ಹೋಗುತ್ತೆ?"

"ಮಾತ್ರೆ ಹೋಗೋ ಕಡೆಯಿಂದಾನೇ ಹೋಗುತ್ತೆ," ಅಂದ ಸೂಸ್.

"ನಗಬೇಡ ಕಣೋ."

"ನಗ್ತಿಲ್ಲ. ಹಳೇ ಡಾಕ್ಟರು ಏನಂದ್ರು? ನರ. ಬಟ್ಟೆ ಒಣ ಹಾಕೋ ಹಗ್ಗದ ಥರ ಬಿಗಿಯಾಗಿದೆ, ಬಿಸಿನೀರ ಸ್ನಾನ ಮಾಡ್ಸಿ, ಹೊಲದಲ್ಲಿ ದುಡಿಸಿ, ಸಡಿಲ ಆಗುತ್ತೆ ಅಂದ್ರು. ಮಾಡ್ಸಿದ್ವಿ. ಗೊಮ್ಮಾರ್ ಆಂಟ್ವರ್ಪ್‌ಗೆ ಹೋಗಿ ಅದೇನೋ ಕೋರ್ಸ್ ಮಾಡ್ಕೊಂಡು ಬಂದ. ಚಿಕ್ಕವನಿದ್ದಾಗ ತಾಯಿ ಎತ್ಕೊಂಡಿಲ್ಲ, ಅದಕ್ಕೇ ಹಿಂಗೆ ಅಂದ. ಈಗ ಹೊಸ ಡಾಕ್ಟರು ಬಂದು ಮಿದುಳಲ್ಲಿ ಒಂದು ರಸ ಹೆಚ್ಚಾಗಿದೆ ಅಂತಾರೆ. ಒಬ್ಬನ ತಲೆಗೆ ಇಷ್ಟು ಜನ ಕೈ ಹಾಕಿದ್ರು, ಮಜ್ಜಿಗೆ ಗಂಜಿ ಮಾತ್ರ ಅದೇ."

"ಅವನೇನು ಅಂತಾನೆ?" ಎಂದು ಅಜ್ಜಿ ಕೇಳಿದಳು.

ಸೂಸ್ ಹೆಂಡತಿಯ ಮುಖ ನೋಡಿದ. ಕೊಲೆಟಾಗೆ ಗೊತ್ತಿರಲಿಲ್ಲ. ಆ ಮೂವರು ಬರುವುದನ್ನು ಅವಳು ಮಳೆ, ಇಬ್ಬನಿ ಎಂಬ ಹಾಗೆ ತಿಳಿದಿದ್ದಳು. ಯಾಕೆ ಬರುತ್ತದೆ ಎಂದು ಕೇಳಿದವಳಲ್ಲ, ಬಂದಾಗ ಏನು ಮಾಡಬೇಕು ಎಂದು ಮಾತ್ರ ಕಲಿತವಳು. ಈಗ ಮಾಡಲು ಏನೂ ಇರಲಿಲ್ಲ.

ಮರುದಿನ ಸಂಜೆ ಗಂಜಿ ಇಳಿಸಿದವಳು ನೇರ ಹೋಗಿ ಬಾಗಿಲು ತೆರೆದಳು. ಕೈ ತಾನಾಗಿ ಹೋಗಿತ್ತು. ಚಳಿಗಾಳಿ ಒಳಗೆ ನುಗ್ಗಿದಾಗ ನೆನಪಾಯಿತು. ತಿರುಗಿ ನೋಡಿದರೆ ಓಡಿಲೋನ್ ಅವಳನ್ನೇ ನೋಡುತ್ತಿದ್ದ. ಮುಚ್ಚಿದರೆ ಅವನ ಕಾಯಿಲೆಯ ಮಾತೆತ್ತಿದ ಹಾಗಾಗುತ್ತದೆ, ತೆರೆದಿಟ್ಟರೆ ಅದನ್ನು ಮತ್ತೆ ಕರೆದ ಹಾಗಾಗುತ್ತದೆ. ಯಾವುದೂ ತೋಚದೆ ಅವಳು ಬಾಗಿಲನ್ನು ಹಾಗೆಯೇ ಬಿಟ್ಟು ಬಂದು ಬ್ರೆಡ್ ಕೊಯ್ಯತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ಸೂಸ್ ಕೆಮ್ಮಿ, ಪಾರಿವಾಳದ ಗೂಡು ನೋಡಿ ಬರುತ್ತೇನೆ ಎಂದು ಹೊರಗೆ ಹೋಗುವ ನೆಪದಲ್ಲಿ ಬಾಗಿಲು ಎಳೆದುಕೊಂಡು ಹೋದ.

ಹಾಗೆ ಒಂದೆರಡು ವಾರ ನಡೆಯಿತು. ಕೆಲವು ಸಂಜೆ ಅವಳ ಕೈ ಮರೆಯುತ್ತಿತ್ತು, ಕೆಲವು ಸಂಜೆ ನೆನಪಿಟ್ಟುಕೊಳ್ಳುತ್ತಿತ್ತು. ಬಾಗಿಲು ತೆರೆದಿದ್ದ ದಿನ ಓಡಿಲೋನ್ ತನ್ನ ಕುರ್ಚಿಯನ್ನು ಸ್ವಲ್ಪ ಗೋಡೆಗೆ ಸರಿಸಿ, ಯಾರಿಗೋ ದಾರಿ ಬಿಟ್ಟ ಹಾಗೆ ಕೂರುವುದನ್ನು ಅವಳು ಗಮನಿಸಿದಳು. ಮೊದಲು ಅವನು ಹಾಗೆ ಮಾಡುತ್ತಿರಲಿಲ್ಲ. ಸರಿದು ಕೂರುತ್ತಿದ್ದವರು ಮನೆಯವರು.

ನವೆಂಬರ್‌ನ ಒಂದು ಗುರುವಾರ ಬಾಗಿಲು ತೆರೆದೇ ಇತ್ತು. ಅವಳು ಸೌಟು ಹಿಡಿದು ನಿಂತಿದ್ದಳು. ಓಡಿಲೋನ್ ಅವಳ ಮುಖವನ್ನು ನೋಡಿದ, ಬಾಗಿಲನ್ನು ನೋಡಿದ, ಮೆಲ್ಲಗೆ "ಬಂದ್ರು" ಅಂದ.

ಕೊಲೆಟಾ ಬಾಗಿಲು ಹಾಕಿ ಎಲ್ಲರಿಗೂ ಬಡಿಸಿದಳು. ಅವಳಿಗೆ ಮೊದಲು ಹಗುರವೆನಿಸಿತು, ಆಮೇಲೆ ಹಗುರವೆನಿಸಿದ್ದಕ್ಕೆ ನಾಚಿಕೆಯಾಯಿತು. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದಾಯಿತು. ಆದರೆ ಅವನು ಮೊದಲಿನ ಹಾಗೆ ಆ ಮೂವರ ಕಡೆ ಕಿವಿಗೊಡದೆ, ಬಟ್ಟಲು ನೋಡುತ್ತ ಉಂಡು ಎದ್ದುಹೋದ. ಹಾಗಾದರೆ ಬಂದರೋ ಇಲ್ಲವೋ.

ಇದನ್ನು ಯಾರಿಗಾದರೂ ಹೇಳಬೇಕೇ ಬೇಡವೇ ಎಂದು ಯೋಚಿಸುವಷ್ಟರಲ್ಲಿ ಗೊಮ್ಮಾರ್ ಬಂದ. ಸೈಕಲನ್ನು ಬೋರಿಂಗ್ ಕೈಪಂಪಿಗೆ ಒರಗಿಸಿ, ಒಳಗೆ ಹೋಗುವ ಮೊದಲು ಅವಳನ್ನೇ ಮಾತಾಡಿಸಿದ.

"ಕೊಲೆಟಕ್ಕ, ಸರಿಯಾಗಿ ಹೇಳಿ. ಅವನಿಗಿನ್ನೂ ಕೇಳ್ಸುತ್ತಾ?"

"ಯಾಕೆ?"

"ಡಾಕ್ಟರಿಗೆ ಬೇಕು. ಕೇಳ್ಸದೇ ಇದ್ರೆ ವಸಂತದ ಹೊತ್ತಿಗೆ ಮನೆಗೆ ಕಳಿಸಬಹುದು ಅಂತಾರೆ. ಆಲ್ಸ್ಟ್‌ನಲ್ಲಿ ತಂಗಿ ಇದ್ದಾಳಲ್ಲ, ಎಮೆರೆನ್ಸ್. ಒಪ್ಪಿದ್ದಾಳೆ. ಮಹಡಿ ಮೇಲೊಂದು ಕೋಣೆಗೆ ಸುಣ್ಣ ಬಳಿಸಿದ್ದಾಳಂತೆ."

"ಅವಳು ಒಂದೇ ಸಲ ಬಂದಿದ್ದು. ಯುದ್ಧಕ್ಕೆ ಮೊದಲು."

"ತಂಗಿ ಅಲ್ವಾ."

"ಕೇಳ್ಸಿದ್ರೆ?"

"ಮಾತ್ರೆ ಜಾಸ್ತಿ ಮಾಡ್ತಾರೆ. ಅಷ್ಟೇ." ಗೊಮ್ಮಾರ್ ಕೈಗವಸು ಕಳಚಿದ. "ಒಳ್ಳೇ ಸುದ್ದಿ ಕಣಕ್ಕ ಇದು. ನಮ್ಮಪ್ಪ ಈ ಕೆಲಸ ಮಾಡ್ತಿದ್ದಾಗ ಒಬ್ಬನೂ ವಾಸಿಯಾಗಿ ಹೋಗಿದ್ದು ನೋಡ್ಲಿಲ್ಲ. ಹೋಗ್ತಿದ್ದಿದ್ದು ಒಂದೇ ಕಡೆ, ಗುಡಿ ಹಿಂದಿನ ಸ್ಮಶಾನಕ್ಕೆ."

"ನಂಗೊತ್ತಿಲ್ಲ," ಅಂದಳು ಕೊಲೆಟಾ. ಅದು ನಿಜವಾಗಿತ್ತು.

ಗೊಮ್ಮಾರ್ ಒಳಗೆ ಹೋಗಿ ಅಡುಗೆಮನೆಯಲ್ಲಿ ಓಡಿಲೋನ್‌ನ ಎದುರು ಕೂತ. ಅವಳು ಬಕೆಟ್ ತುಂಬಿಸಿದಳು, ಅದು ತುಂಬಿ ಹರಿದ ಮೇಲೂ ಪಂಪು ಒತ್ತುತ್ತಿದ್ದಳು. ಗೊಮ್ಮಾರ್ ಹೊರಗೆ ಬಂದಾಗ ಅವನ ಮುಖದ ಮೇಲೆ ಬೇರೆಯೇ ಕಳೆ ಇತ್ತು. ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ.

"ಅಕ್ಕ, ನಿಮಗೆ ಚೆನ್ನಾಗಿ ನಿದ್ದೆ ಬರ್ತಿದೆಯಾ?"

"ನಂಗಾ?"

"ಊಟಾ ತಿಂಡಿ ಎಲ್ಲಾ ಸೇರುತ್ತಾ?"

"ಏನಾಗಿದೆಯೋ ನಿಂಗೆ?"

ಗೊಮ್ಮಾರ್ ತಲೆ ಕೆರೆದುಕೊಂಡ. "ಅವನಿಗೇನೂ ಕೇಳ್ಸೋದಿಲ್ವಂತೆ. ಆಲೂಗಡ್ಡೆ ಕಿತ್ತ ಮೇಲೆ ಒಂದು ದಿನಾನೂ ಕೇಳ್ಸಿಲ್ವಂತೆ. ಆದ್ರೆ ನಿಮಗೆ ಕೇಳ್ಸುತ್ತೆ ಅಂದ. ನೀವು ಬಾಗಿಲು ತೆಗೆದಿಟ್ಟು ಕಾಯ್ತೀರಂತೆ. ಪಾಪ, ಬರದೇ ಇದ್ದ ದಿನ ನಿಮ್ಮ ಮುಖ ನೋಡೋಕಾಗಲ್ಲ, ಅದಕ್ಕೆ ಮೊನ್ನೆ ನಾನೇ 'ಬಂದ್ರು' ಅಂದೆ ಅಂದ. ನಾನು ಆಲ್ಸ್ಟ್‌ಗೆ ಹೋದ್ರೆ ಅಮ್ಮನಿಗೆ, ಅಂದ್ರೆ ನಿಮಗೆ, 'ಬಂದ್ರು' ಅಂತ ಯಾರು ಹೇಳ್ತಾರೆ ಅಂತ ಕೇಳ್ತಾನೆ. ಅರ್ಧ ಮಾತ್ರೆ ನಿಮಗೂ ಕೊಡಬಹುದಾ ಅಂತಲೂ ಕೇಳಿದ."

ಕೊಲೆಟಾ ನಗಲಿಲ್ಲ. ಗೊಮ್ಮಾರ್ ನಗಲು ಸಿದ್ಧನಿದ್ದವನು ಅವಳನ್ನು ನೋಡಿ ಸುಮ್ಮನಾದ. ಇದನ್ನು ಡಾಕ್ಟರಿಗೆ ಹೇಗೆ ಬರೆಯಲಿ ಎಂದು ಗೊಣಗಿಕೊಂಡು ಸೈಕಲ್ ಹತ್ತಿದ.

ಮಧ್ಯಾಹ್ನ ಓಡಿಲೋನ್ ಕಿಟಕಿ ಹತ್ತಿರ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಮೊದಲಾದರೆ ಸಿಪ್ಪೆ ಒಂದೇ ಸುತ್ತಾಗಿ ಬರುತ್ತಿತ್ತು, ಈಗ ತುಂಡು ತುಂಡಾಗಿ ಬೀಳುತ್ತಿತ್ತು. ಅಜ್ಜಿ ಒಲೆಯ ಬಳಿ ಜಪಮಾಲೆ ಹಿಡಿದು ತೂಕಡಿಸುತ್ತಿದ್ದಳು. ಸೂಸ್ ಹರಿದ ಚೀಲ ಹೊಲಿಯುತ್ತಿದ್ದ. ಕೊಲೆಟಾ ಒಂದು ಕುರ್ಚಿ ಎಳೆದುಕೊಂಡು ಓಡಿಲೋನ್‌ನ ಎದುರು ಕೂತಳು. ಅವನು ಅವಳಿಗಿಂತ ಎರಡು ವರ್ಷ ದೊಡ್ಡವನು. ಆದರೂ ಬಂದ ದಿನದಿಂದ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದ, ಊರಿನ ಬೋರ್ಡರುಗಳೆಲ್ಲ ಮನೆಯೊಡತಿಯನ್ನು ಹಾಗೆಯೇ ಕರೆಯುತ್ತಿದ್ದರು.

"ಓಡಿಲೋನ್, ಒಂದು ಮಾತು ಕೇಳ್ತೀನಿ. ನಿನಗೆ ಅವರ ಮಾತು ಕೇಳ್ಸುತ್ತಾ?"

ಸೂಸ್‌ನ ದಬ್ಬಣ ನಿಂತಿತು. ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿರಲಿಲ್ಲ.

"ಇಲ್ಲಮ್ಮ. ಈಗಿಲ್ಲ," ಅಂದ ಓಡಿಲೋನ್. ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಸ್ವಲ್ಪ ಮುಂದೆ ಬಾಗಿ, ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ ಕೇಳಿದ. "ನಿಮಗೆ? ಜೋರಾಗಿ ಕೇಳ್ಸುತ್ತಾ?"

"ನಂಗೆ ಕೇಳ್ಸಲ್ಲ."

"ಇವತ್ತು?"

"ಯಾವತ್ತೂ ಕೇಳ್ಸಿಲ್ಲ, ಓಡಿಲೋನ್."

ಅವನು ಚಾಕುವನ್ನು ತೊಡೆಯ ಮೇಲೆ ಇಟ್ಟುಕೊಂಡ. "ಯಾವತ್ತೂ ಅಂದ್ರೆ?"

"ನೀನು ಬಂದಾಗಿನಿಂದ."

"ಒಂದು ಸಲಾನೂ?"

"ಇಲ್ಲ."

"ಮತ್ತೆ ಬಾಗಿಲು?"

"ನಿನಗೋಸ್ಕರ ತೆಗೀತಿದ್ದೆ."

"ಸರಿದು ಕೂರ್ತಿದ್ರಿ. ಸೂಸಣ್ಣ ಕಾಲು ಮಡಚ್ಕೋತಿದ್ರು. ನಾನು ನೋಡ್ತಿದ್ದೆ."

"ಅದೂ ನಿನಗೋಸ್ಕರಾನೇ."

ಓಡಿಲೋನ್ ಸೂಸ್‌ನ ಕಡೆ ತಿರುಗಿದ. ಸೂಸ್ ದಬ್ಬಣವನ್ನು ಚೀಲಕ್ಕೆ ಚುಚ್ಚಿ, ಹೊರಗೆ ತೆಗೆದು, ಮತ್ತೆ ಅದೇ ತೂತಿಗೆ ಚುಚ್ಚಿದ. "ನಂಗೆ ಮೊದಲೇ ಕಿವಿ ಮಂದ ಕಣಯ್ಯ," ಅಂದ.

"ಹಾಗಾದ್ರೆ ನನಗೊಬ್ಬನಿಗೇ." ಅದು ಪ್ರಶ್ನೆಯಾಗಿರಲಿಲ್ಲ. ಅವನು ಸಿಪ್ಪೆ ತೆಗೆದ ಆಲೂಗಡ್ಡೆಯನ್ನು ಬುಟ್ಟಿಗೆ ಹಾಕಿದ. "ಆಲ್ಸ್ಟ್‌ನಲ್ಲಿ ಎಲ್ಲರೂ ಇಲ್ಲ ಇಲ್ಲ ಅಂತಿದ್ರು. ಅಪ್ಪ ಹೊಡೀತಿದ್ರು. ಇಲ್ಲಿ ಬಂದೆ. ನೀವು ಬಾಗಿಲು ತೆಗೆದ್ರಿ. ನಾನಂದ್ಕೊಂಡೆ, ಓ, ಈ ಊರಿನವ್ರಿಗೂ ಕೇಳ್ಸುತ್ತೆ, ಅದಕ್ಕೇ ನನ್ನನ್ನ ಇಲ್ಲಿಗೆ ಕಳಿಸಿದ್ದಾರೆ ಅಂತ. ಆಲ್ಸ್ಟ್‌ನವ್ರಿಗೆ ಕಿವಿ ಇಲ್ಲ, ಗೇಲ್‌ನವ್ರಿಗೆ ಇದೆ."

ತಾನು ಮಾಡಿದ್ದು ಉಪಕಾರವೆಂದು ಕೊಲೆಟಾ ಅಂದುಕೊಂಡಿದ್ದಳು. ಈಗ ಅದು ಸುಳ್ಳಿನ ಹಾಗೆ ಕಾಣುತ್ತಿತ್ತು. ಆದರೆ ಅವಳು ಒಂದು ದಿನವೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ, ಬಾಗಿಲು ತೆರೆದಿದ್ದಳು, ಅಷ್ಟೇ.

"ನಂಗೆ ಒಂದ್ಸಲ ಕೇಳ್ಸಿತ್ತು," ಎಂದು ಒಲೆಯ ಕಡೆಯಿಂದ ಅಜ್ಜಿ ಅಂದಳು. ಅವಳು ಎಚ್ಚರವಾಗಿಯೇ ಇದ್ದಳು. "ಆ ಗಂಡಸು. ಕೆಮ್ಮಿದ್ದು."

"ಅದು ಹಸು ಕಣವ್ವಾ," ಅಂದ ಸೂಸ್.

"ನಮ್ಮ ಹಸು ಕೆಮ್ಮು ನಂಗೆ ಗೊತ್ತಿಲ್ವಾ?"

ಓಡಿಲೋನ್ ಅಜ್ಜಿಯನ್ನು ನೋಡಿದ. ಅವಳು ಅವನಿಗೋಸ್ಕರ ಹೇಳುತ್ತಿದ್ದಾಳೋ, ನಿಜವಾಗಿ ಕೇಳಿಸಿತ್ತೋ ಎಂದು ಹುಡುಕುವವನ ಹಾಗೆ ಅವಳ ಮುಖವನ್ನು ನೋಡುತ್ತಲೇ ಇದ್ದ. ಕೊಲೆಟಾಳೂ ನೋಡಿದಳು. ಇಬ್ಬರಿಗೂ ತಿಳಿಯಲಿಲ್ಲ. ಅಜ್ಜಿ ಮಣಿ ಸರಿಸಿ ಮುಂದಿನ ಜಪಕ್ಕೆ ಹೋದಳು.

ಆಮೇಲಿನ ದಿನಗಳಲ್ಲಿ ಬಾಗಿಲು ಮುಚ್ಚಿಯೇ ಇತ್ತು. ಓಡಿಲೋನ್ ಊಟ ಮಾಡುತ್ತಿದ್ದ, ದನದ ಕೊಟ್ಟಿಗೆ ಗುಡಿಸುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಸಂಜೆ ಒಬ್ಬನೇ ಕಾಲುವೆಯ ಏರಿಯವರೆಗೆ ಹೋಗಿ ಬರುತ್ತಿದ್ದ. ಒಮ್ಮೆ ಸೂಸ್ ಹಿಂದೆಯೇ ಹೋಗಿ ನೋಡಿದ. ಅವನು ಬರಿದೇ ನಿಂತಿದ್ದ, ದೋಣಿ ತಪ್ಪಿಸಿಕೊಂಡವನ ಹಾಗೆ. "ನೀರಿಗೆ ಬೀಳೋ ಥರ ಇಲ್ಲ," ಎಂದು ಸೂಸ್ ಬಂದು ಹೇಳಿದ. "ಯಾರನ್ನೋ ಬೀಳ್ಕೊಡೋಕೆ ಹೋದೋನ ಥರ ಇದ್ದಾನೆ."

"ಆಲ್ಸ್ಟ್ ಬಗ್ಗೆ ಏನಾದ್ರೂ ಅಂದನಾ?"

"ಅಂದ. ಅಲ್ಲಿ ಕೋಣೆಗೆ ಸುಣ್ಣ ಬಳಿದಿದ್ದಾರಂತಲ್ಲ, ಯಾವ ಬಣ್ಣ ಅಂತ ಕೇಳಿದ. ನಂಗೇನು ಗೊತ್ತು? ಬಿಳಿ ಇರಬೇಕು ಅಂದೆ." ಸೂಸ್ ಬೂಟಿನ ಮಣ್ಣು ಕೆರೆದ. "ನಮ್ಮನೆಯಿಂದ ಕಳಿಸೋಕೆ ಅವನೇನು ತಪ್ಪು ಮಾಡಿದಾನೆ ಕಣೆ? ವಾಸಿಯಾಗಿದ್ದೇ ತಪ್ಪಾ?"

ಡಿಸೆಂಬರ್ ಮೊದಲ ವಾರ ಡಾಕ್ಟರ್ ಲಿಪ್ಪೆನ್ಸ್ ಕಾರಿನಲ್ಲಿ ಬಂದರು, ಜೊತೆಗೆ ಗೊಮ್ಮಾರ್. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮಂಜಿಗೆ ಒದ್ದೆಯಾದ ಬೂಟು ಬಾಗಿಲಲ್ಲೇ ಕಳಚಿ, ಕಾಲುಚೀಲದಲ್ಲೇ ಬಂದು ಮೇಜಿನ ಮುಂದೆ ಕೂತರು. ಕೊಲೆಟಾ ಚಿಕೋರಿ ಕಾಫಿ ಕೊಟ್ಟಳು. ಅವರು ಓಡಿಲೋನ್‌ನ ಕೈ ಹಿಡಿದು ನಾಡಿ ನೋಡಿದರು, ಮೊಣಕೈ ಮಡಚಿ ಬಿಚ್ಚಿ ನೋಡಿದರು.

"ಸಂತೋಷದ ವಿಷಯ, ಓಡಿಲೋನ್ ಅವರೇ," ಎಂದರು. "ಎರಡು ತಿಂಗಳಾಯ್ತು, ಏನೂ ಕೇಳ್ಸಿಲ್ಲ. ಮಿದುಳು ತಣ್ಣಗಾಗ್ತಿದೆ. ನಿಮ್ಮ ತಂಗಿಗೆ ತಿಳಿಸಬಹುದು."

"ಈಗ ಕೇಳ್ಸುತ್ತೆ," ಅಂದ ಓಡಿಲೋನ್.

ಡಾಕ್ಟರು ಗೊಮ್ಮಾರ್‌ನ ಕಡೆ ನೋಡಿದರು. ಗೊಮ್ಮಾರ್ ಭುಜ ಹಾರಿಸಿದ.

"ಇವರ ಹತ್ರ ಇಲ್ಲ ಅಂದಿದ್ರಲ್ಲ."

"ಆಗ ಬಂದಿರ್ಲಿಲ್ಲ."

"ಯಾವಾಗ ಬಂದ್ರು?"

"ಮೊನ್ನೆ. ಮೂವರೂ."

"ಏನಂತಾರೆ?"

ಓಡಿಲೋನ್ ಯೋಚಿಸಿದ. "ಹೊರಗೆ ಚಳಿ ಅಂತಾರೆ."

ಅವನ ಮುಖವನ್ನು ಕೊಲೆಟಾ ನೋಡಿದಳು. ಮೊದಲಾದರೆ ಅವರು ಬಂದ ಸಂಜೆ ಅವನ ಹುಬ್ಬು ಮೇಲೇರುತ್ತಿತ್ತು, ತುಟಿ ಆಡುತ್ತಿತ್ತು. ಈಗ ಮಾತ್ರೆ ಆ ಮುಖವನ್ನು ಇಸ್ತ್ರಿ ಹಾಕಿದ ಹಾಗೆ ಸಪಾಟು ಮಾಡಿತ್ತು, ಅದರ ಮೇಲೆ ಏನನ್ನೂ ಓದಲಾಗುತ್ತಿರಲಿಲ್ಲ. ನಿಜವಾಗಿ ಬಂದು ಮುಚ್ಚಿದ ಬಾಗಿಲ ಹೊರಗೇ ನಿಂತಿದ್ದರೆ ರಾತ್ರಿ ಅವನು ನಿದ್ದೆ ಮಾಡುತ್ತಿರಲಿಲ್ಲ. ನಿದ್ದೆ ಮಾಡಿದ್ದ. ಆದರೆ ಮಾತ್ರೆ ತಿಂದವರು ಏನು ಕೇಳಿದರೂ ನಿದ್ದೆ ಮಾಡುತ್ತಾರೇನೋ, ಯಾರಿಗೆ ಗೊತ್ತು.

"ಅಮ್ಮಾವ್ರೇ," ಎಂದು ಡಾಕ್ಟರು ಅವಳ ಕಡೆ ತಿರುಗಿದರು. "ನೀವು ದಿನಾ ನೋಡೋರು. ನಿಮಗೇನನ್ಸುತ್ತೆ? ಸುಮ್ನೆ ಕೇಳ್ತಿಲ್ಲ. ಮಾತ್ರೆ ಜಾಸ್ತಿ ಮಾಡಿದ್ರೆ ಕೈ ಈಗಿರೋದಕ್ಕಿಂತ ಬಿಗಿಯಾಗುತ್ತೆ, ನಡಿಗೆ ನಿಧಾನ ಆಗುತ್ತೆ. ಬೇಡದೆ ಕೊಡೋಕೆ ನಂಗಿಷ್ಟ ಇಲ್ಲ. ಇವರು ಅಂದಿದ್ದು ಬಿಟ್ಟು ಬೇರೇನಾದ್ರೂ ಗುರುತು ಇದೆಯಾ?"

ಓಡಿಲೋನ್ ಅವಳನ್ನು ನೋಡಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಿದ್ದ, ನಡುಕ ಕಾಣದಿರಲಿ ಎಂದು ಒತ್ತಿ ಹಿಡಿದ ಹಾಗೆ. ಸೂಸ್ ಕೊಟ್ಟಿಗೆಗೆ ಹೋಗುವ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಜ್ಜಿ ಮಾತ್ರ ಡಾಕ್ಟರರ ಕಾಲುಚೀಲದ ತೂತನ್ನು ನೋಡುತ್ತಿದ್ದಳು.

ಇಲ್ಲ ಅಂದರೆ ಅವನು ಬಿಳಿ ಸುಣ್ಣದ ಕೋಣೆಗೆ ಹೋಗುತ್ತಾನೆ. ಹೌದು ಅಂದರೆ ಅವನ ಕೈ ಹೋಗುತ್ತದೆ. ಯಾವುದು ನಿಜ ಎಂಬುದು ಅವನೊಳಗಿತ್ತು, ಅಲ್ಲಿಗೆ ಹೋಗಿ ನೋಡಿ ಬಂದವರು ಆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಕೊಲೆಟಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. ತನಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹೇಳಬೇಕೆಂದು ತೀರ್ಮಾನಿಸಿದಳು.

"ಹೋದ ತಿಂಗಳು ಒಂದು ಗುರುವಾರ," ಅಂದಳು, "ಊಟಕ್ಕೆ ಮೊದಲು 'ಬಂದ್ರು' ಅಂದ."

"ನೀವೇ ಕೇಳಿದ್ರಾ?"

"ನಾನೇ ಕೇಳಿದೆ. ಇವರೆಲ್ಲ ಇದ್ರು."

ಗೊಮ್ಮಾರ್ ಏನೋ ಹೇಳಲು ಬಾಯಿ ತೆರೆದ. ಕೊಲೆಟಾ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದಳು. ಅವನು ಬಟ್ಟಲು ಎತ್ತಿಕೊಂಡು ಕುಡಿದ.

ಡಾಕ್ಟರು ಇನ್ನೊಮ್ಮೆ ಓಡಿಲೋನ್‌ನ ಕೈಗಳನ್ನು ನೋಡಿ, ಎದ್ದು, ಬೂಟು ಹಾಕಿಕೊಂಡರು. ಆಲ್ಸ್ಟ್ ವಿಚಾರ ಇನ್ನೊಂದು ವರ್ಷ ಬಿಟ್ಟು ನೋಡೋಣ ಎಂದರು.

ಶನಿವಾರ ಗೊಮ್ಮಾರ್ ದೊಡ್ಡ ಶೀಶೆ ತಂದುಕೊಟ್ಟ. ಬೆಳಿಗ್ಗೆ ಎರಡು, ರಾತ್ರಿ ಎರಡು. ಓಡಿಲೋನ್ ಮೊದಲ ಎರಡನ್ನು ಅವನ ಎದುರಿಗೇ ನುಂಗಿ, ನೀರು ಕುಡಿದು, ಹಸುವಿಗೆ ಹುಲ್ಲು ಹಾಕಲು ಹೋದ.